ಲಕ್ಷ ಜನರ ನಡುವೆ ಮಗುವಿನ ಕೈ ಹಿಡಿದು: ಅಮೆರಿಕದ ಕಾಲೇಜು ಫುಟ್‌ಬಾಲ್ ಕುರಿತು ಓದುಗರ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ ಆಗಸ್ಟ್ ತಿಂಗಳಲ್ಲಿ ಬರುವ ಪತ್ರಗಳಲ್ಲಿ ಮಕ್ಕಳ ಶಾಲೆ, ಕನ್ನಡ ಕಲಿಕೆ, ಊರಿನಿಂದ ಬರುವ ಹಿರಿಯರ ಆರೋಗ್ಯ ವಿಮೆ ಇವುಗಳ ಜೊತೆಗೆ ಕಾಲೇಜು ಫುಟ್‌ಬಾಲಿನ ಪ್ರಸ್ತಾಪವೂ ಇದ್ದೇ ಇರುತ್ತದೆ. ಸೆಪ್ಟೆಂಬರಿನಿಂದ ನವೆಂಬರ್ ಮುಗಿಯುವವರೆಗೆ ಅಲ್ಲಿಯ ಶನಿವಾರಗಳೆಲ್ಲ ಬಹುಮಟ್ಟಿಗೆ ಈ ಆಟಕ್ಕೇ ಮೀಸಲು. ಮಗುವನ್ನು ಪಂದ್ಯಕ್ಕೆ ಕರೆದೊಯ್ಯಬೇಕೆಂದಿರುವವರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲಿನ ಮಾತಿದು ಎಂಬುದನ್ನು ನಮ್ಮ ನಾಡಿನ ಓದುಗರು ಗಮನಿಸಬೇಕು.

ಪ್ರಶ್ನೆ: ನಾವು ಮಿಷಿಗನ್ ರಾಜ್ಯದ ನೋವೈ ಪಟ್ಟಣದಲ್ಲಿದ್ದೇವೆ. ನಮ್ಮ ಎಂಟು ವರ್ಷದ ಮಗ, ಸೋಮವಾರ ಬಂತೆಂದರೆ ಶಾಲೆಯಲ್ಲಿ ಗೆಳೆಯರೆಲ್ಲ ಶನಿವಾರದ ಪಂದ್ಯದ ಮಾತನ್ನೇ ಆಡುತ್ತಾರೆ, ತಾನು ಮಾತ್ರ ಬಾಯಿ ಮುಚ್ಚಿಕೊಂಡು ಕೂರಬೇಕು ಎಂದು ಗೊಣಗುತ್ತಾನೆ. ನನಗಾಗಲಿ ನಮ್ಮ ಯಜಮಾನರಿಗಾಗಲಿ ಆ ಆಟದ ಗಂಧಗಾಳಿಯಿಲ್ಲ. ಹೋದರೆ ಆನ್ ಆರ್ಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ವಿರುದ್ಧ ಆಡುವ ಪಂದ್ಯಕ್ಕೇ ಹೋಗೋಣ, ಉಳಿದವನ್ನು ಟೀವಿಯಲ್ಲಿ ನೋಡಿದರಾಯಿತು ಎಂಬುದು ಯಜಮಾನರ ಅಭಿಪ್ರಾಯ. ಅದು ಸರಿಯೇ? ಏನೇನು ಸಿದ್ಧತೆ ಬೇಕು? — ಒಬ್ಬ ತಾಯಿ

ಉತ್ತರ: ನಿಮ್ಮ ಯಜಮಾನರ ಉತ್ಸಾಹವನ್ನು ಮೆಚ್ಚಿಕೊಂಡೇ ಹೇಳುತ್ತೇನೆ, ಮಗುವಿನ ಮೊದಲ ಪಂದ್ಯವಾಗಿ ಅದು ಖಂಡಿತ ಬೇಡ. ಬದ್ಧ ಎದುರಾಳಿಗಳಾದ ಮಿಷಿಗನ್ ಮತ್ತು ಓಹಾಯೋ ಸ್ಟೇಟ್ ಸಾಮಾನ್ಯವಾಗಿ ಎದುರಾಗುವುದು ನವೆಂಬರಿನ ಕೊನೆಯಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಶನಿವಾರ. ಬೆಸ ವರ್ಷಗಳಲ್ಲಿ ಆನ್ ಆರ್ಬರ್‌ನಲ್ಲಿ, ಸಮ ವರ್ಷಗಳಲ್ಲಿ ಓಹಾಯೋ ಸ್ಟೇಟ್‌ನ ಊರಾದ ಕೊಲಂಬಸ್‌ನಲ್ಲಿ. ಆ ಹೊತ್ತಿಗೆ ಮಿಷಿಗನ್ನಿನ ಚಳಿ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಟಿಕೆಟ್ ಬೆಲೆ ಆ ಋತುವಿನಲ್ಲೇ ಅತಿ ದುಬಾರಿ. ಮುಂದಿನ ಸಾಲಿನವರು ಕೂರುವುದೇ ಇಲ್ಲವಾದ್ದರಿಂದ ಎಂಟು ವರ್ಷದ ಹುಡುಗನಿಗೆ ಕಾಣುವುದು ದೊಡ್ಡವರ ಕೋಟಿನ ಬೆನ್ನು ಮಾತ್ರ. ಸುತ್ತಲಿನವರ ಬಾಯಿಂದ ಬರುವ ಮಾತುಗಳೂ ಆ ದಿನ ಮಕ್ಕಳ ಕಿವಿಗೆ ತಕ್ಕವಾಗಿರುವುದಿಲ್ಲ. ಪಂದ್ಯದ ಮಹತ್ವವನ್ನು ನೋಡಿ ದಿನ ಗೊತ್ತುಮಾಡುವುದು ದೊಡ್ಡವರ ಪದ್ಧತಿ. ಮಗು ಜೊತೆಯಲ್ಲಿದ್ದಾಗ ಅದರ ಹಸಿವು, ನಿದ್ದೆ, ಕಾಲಿನ ಕಸುವು ಇವನ್ನು ನೋಡಿ ದಿನ ಗೊತ್ತುಮಾಡಬೇಕು. ಸೆಪ್ಟೆಂಬರಿನಲ್ಲಿ, ಅಷ್ಟೇನೂ ಬಲವಿಲ್ಲದ ಹೊರಗಿನ ತಂಡವೊಂದು ಬರುವ, ಮಧ್ಯಾಹ್ನ ಹನ್ನೆರಡಕ್ಕೆ ಆರಂಭವಾಗುವ ಪಂದ್ಯ ನಿಮ್ಮ ಮಗನಿಗೆ ಒಪ್ಪುತ್ತದೆ. ಮಿಷಿಗನ್ ಮೇಲಿಂದ ಮೇಲೆ ಅಂಕ ಗಳಿಸುತ್ತದೆ, ಹುಡುಗ ಮೇಲಿಂದ ಮೇಲೆ ಎದ್ದು ಕುಣಿಯುತ್ತಾನೆ. ಏಕಪಕ್ಷೀಯ ಪಂದ್ಯವೆಂದು ಬೇಸರಪಡುವ ವಯಸ್ಸು ಅವನದಲ್ಲ.

ಆರಂಭದ ಸಮಯದ ಬಗ್ಗೆ ಒಂದು ಎಚ್ಚರಿಕೆ ಇರಲಿ. ಹನ್ನೆರಡು ಗಂಟೆಗೋ, ಮೂರೂವರೆಗೋ, ರಾತ್ರಿ ಏಳೂವರೆಗೋ ಎಂಬುದನ್ನು ನಿರ್ಧರಿಸುವುದು ಟೀವಿ ವಾಹಿನಿಗಳು, ಮತ್ತು ಅನೇಕ ಪಂದ್ಯಗಳ ಸಮಯ ಪ್ರಕಟವಾಗುವುದು ಹನ್ನೆರಡು ದಿನ, ಕೆಲವೊಮ್ಮೆ ಕೇವಲ ಆರು ದಿನ ಮೊದಲು. ಋತುವಿನ ಮೊದಲ ಕೆಲವು ಪಂದ್ಯಗಳ ಸಮಯ ಮಾತ್ರ ಬೇಸಿಗೆಯಲ್ಲೇ ತಿಳಿದಿರುತ್ತದೆ. ಸೆಪ್ಟೆಂಬರ್ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಇನ್ನು ಕ್ರೀಡಾಂಗಣ. 1927ರಲ್ಲಿ ಆರಂಭವಾದ ಮಿಷಿಗನ್ ಸ್ಟೇಡಿಯಂನಲ್ಲಿ ಈಗ 1,07,601 ಆಸನಗಳಿವೆ. 1975ರ ನವೆಂಬರಿನಿಂದ ಈಚೆಗೆ, ಕೋವಿಡ್ ಕಾರಣಕ್ಕೆ ಪ್ರೇಕ್ಷಕರನ್ನು ಬಿಡದಿದ್ದ 2020ನ್ನು ಹೊರತುಪಡಿಸಿದರೆ, ಅಲ್ಲಿಯ ಪ್ರತಿ ಪಂದ್ಯಕ್ಕೂ ಲಕ್ಷಕ್ಕಿಂತ ಹೆಚ್ಚು ಜನ ಸೇರಿದ್ದಾರೆ. ರಸ್ತೆಯಿಂದ ನೋಡಿದರೆ ಇದು ಅಷ್ಟು ದೊಡ್ಡದೆಂದು ಅನಿಸುವುದೇ ಇಲ್ಲ, ಏಕೆಂದರೆ ಇದರ ಬಹುಭಾಗವನ್ನು ನೆಲ ಅಗೆದು ತಗ್ಗಿನಲ್ಲಿ ಕಟ್ಟಲಾಗಿದೆ. ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಟ್ಟೊಡನೆ ಕಾಲ ಕೆಳಗೆ ಇಡೀ ಮೈದಾನ ತೆರೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ಮಗನ ಮುಖ ನೋಡಿ, ಫೋನ್ ಆಮೇಲೆ ತೆಗೆಯಬಹುದು. ಆದರೆ ಈ ರಚನೆಯಿಂದ ಒಂದು ತೊಡಕೂ ಇದೆ: ತಿಂಡಿಯ ಅಂಗಡಿಗಳು, ಶೌಚಾಲಯಗಳು ಮೇಲ್ಮಟ್ಟದಲ್ಲಿವೆ. ಮೈದಾನಕ್ಕೆ ಹತ್ತಿರವೆಂದು ಕೆಳಗಿನ ಸಾಲುಗಳನ್ನು ಕೊಂಡವರು, ಮಗು ಪ್ರತಿ ಸಲ ಒಂದಕ್ಕೆ ಹೋಗಬೇಕೆಂದಾಗಲೂ ಹತ್ತಾರು ಮೆಟ್ಟಿಲು ಹತ್ತಿ ಇಳಿಯಬೇಕು. ಮಧ್ಯದಿಂದ ಮೇಲಿನ ಸಾಲುಗಳಲ್ಲಿ, ಓಡಾಡುವ ದಾರಿಯ ಅಂಚಿನ ಆಸನಗಳನ್ನು ಹುಡುಕಿ. ಅಲ್ಲಿಂದ ಆಟದ ವಿನ್ಯಾಸವೂ ಚೆನ್ನಾಗಿ ಕಾಣುತ್ತದೆ. ವಿದ್ಯಾರ್ಥಿಗಳ ವಿಭಾಗದಿಂದ ದೂರವಿರಿ. ಅವರು ಪಂದ್ಯ ಮುಗಿಯುವವರೆಗೂ ನಿಂತೇ ಇರುತ್ತಾರೆ. ಆಸನವೆಂದರೆ ಬಹುತೇಕ ಕಡೆ ಬೆನ್ನಿಗೆ ಆಸರೆಯಿಲ್ಲದ ಉದ್ದನೆಯ ಬೆಂಚು, ಅದರ ಮೇಲೆ ಬರೆದ ಅಂಕಿಯೇ ನಿಮ್ಮ ಸ್ಥಳ, ಒಬ್ಬೊಬ್ಬರ ಪಾಲಿಗೆ ಸುಮಾರು ಒಂದೂವರೆ ಅಡಿ. ಮಗು ಚಿಕ್ಕದು, ಇಬ್ಬರ ನಡುವೆ ತೂರಿಸಿದರಾಯಿತು ಎಂದು ಲೆಕ್ಕ ಹಾಕಬೇಡಿ; ಮಕ್ಕಳಿಗೆ ಯಾವ ವಯಸ್ಸಿನಿಂದ ಟಿಕೆಟ್ ಬೇಕೆಂಬುದು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ, ಎಂಟು ವರ್ಷದವನಿಗಂತೂ ಬೇಕೇ ಬೇಕು.

ನಮ್ಮವರು ಎಲ್ಲಿಗೆ ಹೊರಟರೂ ಒಂದು ದೊಡ್ಡ ಕೈಚೀಲ ಜೊತೆಗಿರುತ್ತದೆ. ಇಲ್ಲಿ ಅದು ಬಾಗಿಲಿನಲ್ಲೇ ನಿಲ್ಲುತ್ತದೆ. ಅನೇಕ ಕ್ರೀಡಾಂಗಣಗಳು ಹನ್ನೆರಡು ಅಂಗುಲ ಅಗಲ, ಹನ್ನೆರಡು ಅಂಗುಲ ಎತ್ತರ, ಆರು ಅಂಗುಲ ದಪ್ಪ ಮೀರದ ಪಾರದರ್ಶಕ ಚೀಲವನ್ನಷ್ಟೇ ಬಿಡುತ್ತವೆ, ಕೆಲವು ಅದನ್ನೂ ಬಿಡುವುದಿಲ್ಲ. ನಿಯಮ ಋತುವಿನಿಂದ ಋತುವಿಗೆ ಬದಲಾಗುವುದುಂಟು, ಆದ್ದರಿಂದ ಹೊರಡುವ ವಾರವೇ ಆಯಾ ಕ್ರೀಡಾಂಗಣದ ಸೂಚನೆಗಳನ್ನು ಓದಿಕೊಳ್ಳಿ. ಕಾರನ್ನು ದೂರದಲ್ಲಿ ನಿಲ್ಲಿಸಿ, ಬಾಗಿಲಿನಲ್ಲಿ ಚೀಲ ತಿರಸ್ಕೃತವಾಗಿ, ಮಗುವನ್ನು ಎಳೆದುಕೊಂಡು ಮತ್ತೆ ಕಾರಿನವರೆಗೆ ನಡೆಯುವ ತಂದೆತಾಯಿಯರನ್ನು ಪ್ರತಿ ಶನಿವಾರವೂ ಕಾಣಬಹುದು. ಒಂದು ಟೋಪಿ, ಜೇಬಿನಲ್ಲಿ ಹಿಡಿಸುವ ಮಳೆಯಂಗಿ, ಕಾಗದದ ಕರವಸ್ತ್ರ, ಸೂರ್ಯನ ಬಿಸಿಲಿಗೆ ಹಚ್ಚುವ ಲೇಪನ ಇಷ್ಟು ಸಾಕು. ಮಗನ ಮುಂಗೈ ಒಳಭಾಗದಲ್ಲಿ ನಿಮ್ಮ ಫೋನ್ ಸಂಖ್ಯೆಯನ್ನು ಪೆನ್ನಿನಲ್ಲಿ ಬರೆಯಿರಿ, ಮನೆ ಬಿಡುವಾಗ ಆ ದಿನದ ಉಡುಪಿನಲ್ಲೇ ಅವನದೊಂದು ಫೋಟೋ ತೆಗೆದಿಟ್ಟುಕೊಳ್ಳಿ. ಎಲ್ಲರೂ ಹಳದಿ ನೀಲಿ ತೊಟ್ಟ ಲಕ್ಷ ಜನರ ನಡುವೆ ‘ನೀಲಿ ಅಂಗಿ ಹಾಕಿದ್ದ’ ಎಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಆಟ ಆರಂಭವಾಗುವುದಕ್ಕೆ ಕನಿಷ್ಠ ಅರ್ಧ ಗಂಟೆ ಮೊದಲು ಆಸನದಲ್ಲಿರುವಂತೆ ನೋಡಿಕೊಳ್ಳಿ, ಏಕೆಂದರೆ ಮಗುವಿಗೆ ನಿಜವಾದ ಹಬ್ಬ ಆಗಲೇ. ವಿಶ್ವವಿದ್ಯಾಲಯದ ವಾದ್ಯಮೇಳ ಸುರಂಗದಿಂದ ಓಡೋಡಿ ಬಂದು ಮೈದಾನವನ್ನು ತುಂಬುತ್ತದೆ. ಅದರ ಮುಂದಾಳು ಉದ್ದನೆಯ ಟೋಪಿ ತೆಗೆದು, ತಲೆ ನೆಲ ಮುಟ್ಟುವಷ್ಟು ಹಿಂದಕ್ಕೆ ಬಾಗುತ್ತಾರೆ, ಆ ಹೊತ್ತಿಗೆ ಇಡೀ ಕ್ರೀಡಾಂಗಣ ಗದ್ದಲವೆಬ್ಬಿಸುತ್ತದೆ. ಅನಂತರ ಆಟಗಾರರು ಓಡಿಬಂದು, ಮೈದಾನದ ನಡುವೆ ಎತ್ತಿ ಹಿಡಿದ ನೀಲಿ ಬ್ಯಾನರನ್ನು ಒಬ್ಬೊಬ್ಬರಾಗಿ ಹಾರಿ ಮುಟ್ಟುತ್ತಾರೆ. 1898ರಲ್ಲಿ ಅಲ್ಲಿಯ ವಿದ್ಯಾರ್ಥಿಯೊಬ್ಬರು ರಚಿಸಿದ ವಿಜಯಗೀತೆಯಲ್ಲಿ ‘ಹೇಲ್’ ಎಂದು ಬರುವಾಗಲೆಲ್ಲ ಮುಷ್ಟಿ ಎತ್ತಬೇಕೆಂಬುದನ್ನು ಮಗ ಎರಡನೆಯ ಸಲಕ್ಕೇ ಕಲಿತುಬಿಡುತ್ತಾನೆ. ಸೋಮವಾರ ಶಾಲೆಯಲ್ಲಿ ಹೇಳಿಕೊಳ್ಳಲು ಅಷ್ಟೇ ಧಾರಾಳ. ರಾಷ್ಟ್ರಗೀತೆಯ ಕೊನೆಗೆ ಕೆಲವೊಮ್ಮೆ ಯುದ್ಧವಿಮಾನಗಳು ತಲೆಯ ಮೇಲೆಯೇ ಹಾರಿಹೋಗುವುದುಂಟು, ಮಗುವಿಗೆ ಮೊದಲೇ ಹೇಳಿಟ್ಟಿರಿ.

ಎಷ್ಟು ಹೊತ್ತು ಇರಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗಡಿಯಾರದ ಲೆಕ್ಕದಲ್ಲಿ ಆಟ ಅರವತ್ತು ನಿಮಿಷದ್ದು. ಆಗಾಗ ನಿಲ್ಲುವ ಗಡಿಯಾರ, ಟೀವಿ ಜಾಹೀರಾತಿಗಾಗಿ ಆಟಗಾರರು ಸುಮ್ಮನೆ ನಿಂತಿರುವ ಬಿಡುವುಗಳು, ಮಧ್ಯಂತರದ ಇಪ್ಪತ್ತು ನಿಮಿಷ ಎಲ್ಲ ಸೇರಿ ಅದು ಸುಮಾರು ಮೂರೂವರೆ ಗಂಟೆಯಾಗುತ್ತದೆ. ಮಧ್ಯಂತರದ ವಾದ್ಯಮೇಳವನ್ನು ನೋಡಿಕೊಂಡು ಎದ್ದುಬರುವುದೆಂದೇ ಮನಸ್ಸಿನಲ್ಲಿಟ್ಟುಕೊಂಡು ಹೋಗಿ. ಮಗನೇ ಇನ್ನೂ ಇರೋಣ ಎಂದರೆ ಇರಿ. ಕೊಟ್ಟ ದುಡ್ಡಿಗೆ ಕೊನೆಯವರೆಗೂ ಕೂರಬೇಕೆಂದು ಯಜಮಾನರು ಪಟ್ಟು ಹಿಡಿದರೆ, ಪಂದ್ಯ ಮುಗಿದ ಮೇಲೆ ಲಕ್ಷ ಜನರ ಕಾರುಗಳ ನಡುವೆ ರಚ್ಚೆ ಹಿಡಿದ ಹುಡುಗನೊಡನೆ ಕಳೆಯಬೇಕಾದ ಹೊತ್ತನ್ನು ನೆನಪಿಸಿ.

ಪ್ರಶ್ನೆ: ಆನ್ ಆರ್ಬರ್ ಸಮೀಪದವರು ನಾವು. ನಾಲ್ವರಿಗೆ ಟಿಕೆಟ್, ಕಾರು ನಿಲ್ಲಿಸುವ ಶುಲ್ಕ ಎಲ್ಲ ಸೇರಿದರೆ ನಮಗೆ ಭಾರವಾಗುತ್ತದೆ. ಬೇರೆ ದಾರಿಯಿದೆಯೆ? — ಒಬ್ಬ ತಂದೆ, ಕ್ಯಾಂಟನ್

ಉತ್ತರ: ಇದೆ, ಮತ್ತು ಚಿಕ್ಕ ಮಕ್ಕಳಿಗೆ ಅದೇ ಮೇಲು ಎಂದೂ ನನಗನ್ನಿಸುತ್ತದೆ. ಆನ್ ಆರ್ಬರ್‌ನ ಪಕ್ಕದ ಇಪ್ಸಿಲ್ಯಾಂಟಿಯಲ್ಲಿ ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದ ರೈನಿಯರ್ಸನ್ ಸ್ಟೇಡಿಯಂ ಇದೆ. ಟಿಕೆಟ್ ಬೆಲೆಯಲ್ಲಿ ಅಜಗಜಾಂತರ, ಜನಸಂದಣಿ ಕಡಿಮೆ, ಮಗು ಎದ್ದು ಓಡಾಡಲು ಜಾಗವಿರುತ್ತದೆ. ಅಲ್ಲಿಯ ಮೈದಾನಕ್ಕೆ 2014ರಲ್ಲಿ ಹಾಸಿದ ಕೃತಕ ಹುಲ್ಲು ಹಸಿರಲ್ಲ, ಬೂದು ಬಣ್ಣದ್ದು. ಮಕ್ಕಳು ಮೊದಲು ಕೇಳುವುದೇ ಅದರ ಬಗ್ಗೆ. ಆ ವಿಶ್ವವಿದ್ಯಾಲಯ ಸೇರಿರುವ ಒಕ್ಕೂಟದ ನವೆಂಬರ್ ಪಂದ್ಯಗಳು ಟೀವಿಗಾಗಿ ಮಂಗಳವಾರ, ಬುಧವಾರದ ರಾತ್ರಿಗಳಲ್ಲಿ ನಡೆಯುವುದುಂಟು, ಮರುದಿನ ಶಾಲೆಯಿರುವುದರಿಂದ ಅವನ್ನು ಬಿಟ್ಟು ಶನಿವಾರದ್ದನ್ನು ಆರಿಸಿ. ಅದೂ ಬೇಡವೆಂದರೆ ನಿಮ್ಮ ಊರಿನ ಪ್ರೌಢಶಾಲೆಯ ಶುಕ್ರವಾರ ರಾತ್ರಿಯ ಪಂದ್ಯಕ್ಕೆ ಹೋಗಿ. ಪಕ್ಕದ ಮನೆಯ ಹುಡುಗಿ ಅಲ್ಲಿ ತುತ್ತೂರಿ ಊದುತ್ತಿರುತ್ತಾಳೆ, ಮಗುವಿಗೆ ಅವಳೇ ದೊಡ್ಡ ತಾರೆ.

ಪ್ರಶ್ನೆ: ಮುಂದಿನ ಶರತ್ಕಾಲದಲ್ಲಿ ಮಗಳ ಮನೆಗೆ ಕೊಲಂಬಸ್‌ಗೆ ಹೋಗುತ್ತಿದ್ದೇನೆ. ಹತ್ತು ವರ್ಷದ ಮೊಮ್ಮಗ ನನ್ನನ್ನು ಓಹಾಯೋ ಸ್ಟೇಟ್ ಪಂದ್ಯಕ್ಕೆ ಕರೆದೊಯ್ಯುವುದಾಗಿ ಹೇಳಿದ್ದಾನೆ. ಒಮ್ಮೆ ಟೀವಿಯಲ್ಲಿ ನೋಡಿದೆ, ಎಲ್ಲರೂ ಒಬ್ಬರ ಮೇಲೊಬ್ಬರು ಬೀಳುವುದಷ್ಟೇ ಕಂಡಿತು, ತಲೆಬುಡ ತಿಳಿಯಲಿಲ್ಲ. ಅವನ ಪಕ್ಕದಲ್ಲಿ ಮೂರ್ತಿಯಂತೆ ಕೂರಲು ಇಷ್ಟವಿಲ್ಲ. ಕನಿಷ್ಠ ಎಷ್ಟು ತಿಳಿದಿರಬೇಕು? — ನಿವೃತ್ತ ಅಧ್ಯಾಪಕರು, ಮೈಸೂರು

ಉತ್ತರ: ತಾವು ಒಂದೇ ನಿಯಮ ತಿಳಿದುಕೊಂಡು ಹೋದರೆ ಸಾಕು. ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಕ್ರಿಕೆಟ್ಟಿನ ಓವರಿನಲ್ಲಿ ಆರು ಎಸೆತಗಳಿರುವಂತೆ ಇಲ್ಲಿ ನಾಲ್ಕು ಯತ್ನಗಳೆಂದು ಭಾವಿಸಿ. ಅವುಗಳನ್ನು ‘ಡೌನ್’ ಎನ್ನುತ್ತಾರೆ. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು ಸಿಗುತ್ತವೆ, ದಾಟದಿದ್ದರೆ ಚೆಂಡು ಎದುರಾಳಿಗೆ. ಮೂರು ಯತ್ನಗಳಲ್ಲಿ ಆಗದೇ ಹೋದಾಗ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಕಳುಹಿಸುತ್ತಾರೆ, ಇಲ್ಲವೆ ಮೈದಾನದ ತುದಿಯ ಗೋಲು ಕಂಬಗಳು ಹತ್ತಿರವಿದ್ದರೆ ಅವುಗಳ ನಡುವೆ ಒದ್ದು ಮೂರು ಅಂಕ ಗಳಿಸುತ್ತಾರೆ. ಚೆಂಡನ್ನು ಎದುರಾಳಿಯ ಕೊನೆಯ ಗೆರೆಯಾಚೆಗೆ ಒಯ್ದರೆ ಆರು ಅಂಕ, ಅದರ ಬೆನ್ನಿಗೇ ಕಂಬಗಳ ನಡುವೆ ಒದ್ದರೆ ಇನ್ನೊಂದು. ಮೈದಾನದ ಉದ್ದ ನೂರು ಗಜ, ಎರಡು ತುದಿಗಳಲ್ಲಿ ಹತ್ತು ಹತ್ತು ಗಜದ ಅಂಕದ ಪಟ್ಟಿಗಳು, ಒಂದೊಂದು ತಂಡದಲ್ಲಿ ಹನ್ನೊಂದು ಮಂದಿ. ‘ಥರ್ಡ್ ಡೌನ್’ ಎಂದು ಘೋಷಣೆಯಾದಾಗ ಎದುರಾಳಿಯ ಕೈಯಲ್ಲಿ ಚೆಂಡಿದ್ದರೆ ಜನ ಕಿರುಚುವುದು, ಮಾತಿನ ಸಂಕೇತಗಳು ಅವರಿಗೆ ಪರಸ್ಪರ ಕೇಳಿಸಬಾರದೆಂದು. ತಮ್ಮ ತಂಡದ ಕೈಯಲ್ಲಿದ್ದರೆ ಅದೇ ಜನ ಸದ್ದಿಲ್ಲದೆ ಕೂರುತ್ತಾರೆ. ಇದನ್ನೊಂದು ಗಮನಿಸುತ್ತ ಹೋದರೆ ಅರ್ಧ ಆಟ ತಾನಾಗಿ ಅರ್ಥವಾಗುತ್ತದೆ. ಉಳಿದುದನ್ನು ಮೊಮ್ಮಗನನ್ನೇ ಕೇಳಿ. ಮೇಷ್ಟರಾಗಿದ್ದ ಅಜ್ಜನಿಗೆ ಪಾಠ ಹೇಳುವ ಅವಕಾಶ ಅವನಿಗೆ ದಿನಾ ಎಲ್ಲಿ ಸಿಗುತ್ತದೆ?

ಅವನಿಗೆ ಹೇಳಲು ತಮ್ಮ ಬಳಿಯೂ ಏನಾದರೂ ಇರಬೇಕಲ್ಲವೆ? ಕಾಲೇಜುಗಳ ನಡುವಿನ ಮೊದಲ ಪಂದ್ಯ ನಡೆದದ್ದು 1869ರ ನವೆಂಬರ್ 6ರಂದು, ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ. ರಟ್‌ಗರ್ಸ್ ತಂಡ ಪ್ರಿನ್ಸ್‌ಟನ್ ತಂಡವನ್ನು 6–4ರಿಂದ ಸೋಲಿಸಿತು. ಅಂದು ಒಂದೊಂದು ಕಡೆ ಇಪ್ಪತ್ತೈದು ಮಂದಿ ಆಡಿದ್ದರು, ಚೆಂಡು ಗುಂಡಗಿತ್ತು, ಅದನ್ನು ಕೈಯಲ್ಲಿ ಹಿಡಿದು ಓಡುವಂತೆಯೇ ಇರಲಿಲ್ಲ. ಹತ್ತು ಗಜಕ್ಕೆ ನಾಲ್ಕು ಯತ್ನ ಎಂಬ ಈಗಿನ ನಿಯಮ ಬಂದದ್ದು 1912ರಲ್ಲಿ. ಕೊಲಂಬಸ್‌ನಲ್ಲಿ ತಪ್ಪದೆ ನೋಡಬೇಕಾದದ್ದು ಇನ್ನೊಂದಿದೆ. ಅಲ್ಲಿಯ ವಾದ್ಯಮೇಳದಲ್ಲಿ ಬರೀ ಹಿತ್ತಾಳೆಯ ವಾದ್ಯಗಳು ಮತ್ತು ತಾಳವಾದ್ಯಗಳು. 1936ರಿಂದ ಅದು ಮೈದಾನದ ಮೇಲೆ ಸಾಲಾಗಿ ನಡೆಯುತ್ತಲೇ ‘ಓಹಾಯೋ’ ಎಂದು ಇಂಗ್ಲಿಷಿನ ಕೂಡಕ್ಷರದಲ್ಲಿ ಬರೆಯುತ್ತ ಬಂದಿದೆ. ಕೊನೆಗೆ ‘ಐ’ ಅಕ್ಷರದ ಮೇಲಿನ ಚುಕ್ಕಿಯಾಗಿ, ಸೌಸಾಫೋನ್ ಎಂಬ ಭಾರೀ ಕಹಳೆಯನ್ನು ಮೈಗೆ ಸುತ್ತಿಕೊಂಡ ಒಬ್ಬ ವಾದಕರು ಠೀವಿಯಿಂದ ನಡೆದುಬಂದು ಕ್ರೀಡಾಂಗಣದ ಎರಡೂ ಬದಿಗೆ ಬಾಗುತ್ತಾರೆ. ಅಕ್ಷರ ಕಲಿಸಿ ಬಾಳಿದ ತಮಗೆ ಟಿಕೆಟ್ಟಿನ ದುಡ್ಡು ಅಲ್ಲಿಗೇ ಸಂದಾಯವಾದಂತೆ.

ಪ್ರಶ್ನೆ: ಪಂದ್ಯಕ್ಕೆ ಹೋಗುವಾಗ ಮೂರು ವರ್ಷದ ಮಗಳನ್ನು ಬಿಟ್ಟುಹೋಗಲು ಮನೆಯಲ್ಲಿ ಯಾರೂ ಇಲ್ಲ. ಅಷ್ಟೊಂದು ಗದ್ದಲದಿಂದ ಅವಳ ಕಿವಿಗೆ ತೊಂದರೆಯಾಗುವುದೆ? ನಾವು ಸಸ್ಯಾಹಾರಿಗಳು, ಅಲ್ಲಿ ತಿನ್ನಲು ಏನಾದರೂ ಸಿಗುವುದೆ? — ಒಬ್ಬ ತಾಯಿ, ಡಬ್ಲಿನ್, ಓಹಾಯೋ

ಉತ್ತರ: ಕಿವಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಶಿಫಾರಸಿನಂತೆ ವಯಸ್ಕ ಕೆಲಸಗಾರರು 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಸದ್ದು ಪ್ರತಿ ಮೂರು ಡೆಸಿಬಲ್ ಏರಿದಂತೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಈ ಲೆಕ್ಕದಲ್ಲಿ 100 ಡೆಸಿಬಲ್‌ಗೆ ಹದಿನೈದೇ ನಿಮಿಷ, ದೊಡ್ಡ ಕ್ರೀಡಾಂಗಣದ ಕೂಗು ಆ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ. ಕಿವಿಯನ್ನು ಪೂರ್ತಿ ಮುಚ್ಚುವ, ಮಕ್ಕಳ ಅಳತೆಯ ಇಯರ್‌ಮಫ್ ಕೊಳ್ಳಿ. ಹಾಡು ಕೇಳುವ ಹೆಡ್‌ಫೋನ್ ಈ ಕೆಲಸಕ್ಕೆ ಬಾರದು. ಕಿವಿಯೊಳಗೆ ತುರುಕುವ ಸ್ಪಂಜಿನ ಬಿರಟೆಗಳನ್ನು ಮೂರು ವರ್ಷದ ಮಗು ಬಾಯಿಗೆ ಹಾಕಿಕೊಳ್ಳುವ ಅಪಾಯವಿದೆ. 2010ರಲ್ಲಿ ವೃತ್ತಿಪರ ಫುಟ್‌ಬಾಲಿನ ಅಂತಿಮ ಪಂದ್ಯ ಗೆದ್ದ ಡ್ರೂ ಬ್ರೀಸ್, ಇಯರ್‌ಮಫ್ ತೊಟ್ಟಿದ್ದ ತಮ್ಮ ಒಂದು ವರ್ಷದ ಮಗುವನ್ನು ಮೈದಾನದಲ್ಲಿ ಎತ್ತಿಕೊಂಡಿದ್ದ ಚಿತ್ರ ಎಲ್ಲೆಡೆ ಪ್ರಕಟವಾಗಿತ್ತು. ಈಗ ಮಕ್ಕಳ ತಲೆಯ ಮೇಲೆ ಅದನ್ನು ಕಂಡು ಯಾರೂ ಹುಬ್ಬೇರಿಸುವುದಿಲ್ಲ. ಆ ದಿನವೇ ಮೊದಲ ಸಲ ತೊಡಿಸಿದರೆ ಮಗಳು ಕಿತ್ತೆಸೆಯುತ್ತಾಳೆ. ಒಂದು ವಾರ ಮೊದಲಿನಿಂದ ಮನೆಯಲ್ಲಿ ಮಿಕ್ಸಿ ತಿರುಗಿಸುವಾಗಲೆಲ್ಲ ಅವಳಿಗೆ ತೊಡಿಸಿ ಅಭ್ಯಾಸ ಮಾಡಿಸಿ. ಧ್ವನಿವರ್ಧಕಗಳ ಹತ್ತಿರದ ಆಸನಗಳನ್ನೂ, ವಾದ್ಯಮೇಳ ಕೂರುವ ಮಗ್ಗುಲನ್ನೂ ಬಿಡಿ.

ಊಟದ ಮಾತು ಚಿಕ್ಕದು. ಒಳಗೆ ಪಾಪ್‌ಕಾರ್ನ್, ಪ್ರೆಟ್ಜೆಲ್, ಚೀಸ್ ಪಿಜ್ಜಾ ಸಿಗುತ್ತವೆ. ನಾಚೋಸ್ ಕೊಳ್ಳುವಾಗ ಮಾಂಸದ ಚಿಲ್ಲಿ ಬೇಡವೆಂದು ಹೇಳಬೇಕು. ಫ್ರೆಂಚ್ ಫ್ರೈಸ್ ಕರಿಯುವ ಎಣ್ಣೆಯಲ್ಲೇ ಕೋಳಿಯನ್ನೂ ಕರಿಯುವುದು ಸಾಮಾನ್ಯ, ನಿಮಗೆ ಆಕ್ಷೇಪವಿದ್ದರೆ ಕೇಳಿ ತೆಗೆದುಕೊಳ್ಳಿ. ಹೊರಗಿನ ತಿಂಡಿಯನ್ನು ಬಹುತೇಕ ಕಡೆ ಒಳಗೆ ಬಿಡುವುದಿಲ್ಲವಾದ್ದರಿಂದ ಹೊಟ್ಟೆ ತುಂಬಿಸುವ ಕೆಲಸ ಕಾರಿನ ಹತ್ತಿರವೇ ಆಗಲಿ. ಪಂದ್ಯಕ್ಕೆ ಮೊದಲು ಕಾರಿನ ಹಿಂಬಾಗಿಲು ತೆರೆದು ಒಲೆ ಹೂಡಿ ತಿನ್ನುವ ‘ಟೇಲ್‌ಗೇಟ್’ ಅಲ್ಲಿಯ ದೊಡ್ಡ ಸಂಪ್ರದಾಯ, ಚಿತ್ರಾನ್ನ ಮೊಸರನ್ನಗಳಿಗೆ ಅಲ್ಲಿ ಯಾವ ಅಡ್ಡಿಯೂ ಇಲ್ಲ. ಪಕ್ಕದ ಕಾರಿನವರಿಗೆ ಎರಡು ಕೋಡುಬಳೆ ಕೊಟ್ಟರೆ ಆಟದ ಬಗ್ಗೆ ನಿಮಗಿರುವ ಸಂದೇಹಗಳೆಲ್ಲ ಅಲ್ಲೇ ಬಗೆಹರಿಯಬಹುದು. ಕುಡಿತ ಜೋರಾಗಿರುವ ಸಾಲುಗಳನ್ನು ಬಿಟ್ಟು, ಮಕ್ಕಳು ಚೆಂಡೆಸೆದು ಆಡುತ್ತಿರುವ ಕಡೆ ಕಾರು ನಿಲ್ಲಿಸಿ.

ಪ್ರಶ್ನೆ: ಅಯೋವಾ ಸಿಟಿಯ ಪಂದ್ಯಗಳಲ್ಲಿ ಎಲ್ಲರೂ ಒಮ್ಮೆಲೇ ಮೈದಾನಕ್ಕೆ ಬೆನ್ನು ಹಾಕಿ ಕೈಬೀಸುವುದನ್ನು ಟೀವಿಯಲ್ಲಿ ಕಂಡ ಮಗಳು ಕಾರಣ ಕೇಳುತ್ತಿದ್ದಾಳೆ. ಮುಂದಿನ ತಿಂಗಳು ಅಲ್ಲಿಗೇ ಹೋಗುತ್ತಿದ್ದೇವೆ. — ಡಿಮಾಯ್ನ್

ಉತ್ತರ: ಕಿನಿಕ್ ಸ್ಟೇಡಿಯಂನ ಪಕ್ಕದಲ್ಲೇ ಅಯೋವಾ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆಯಿದೆ. ಅದರ ಮೇಲಂತಸ್ತುಗಳ ಕಿಟಕಿಗಳಿಂದ ಮೈದಾನ ಕಾಣುತ್ತದೆ. 2017ರಿಂದ, ಮೊದಲ ಕಾಲು ಭಾಗದ ಆಟ ಮುಗಿದೊಡನೆ ಪ್ರೇಕ್ಷಕರು, ಎರಡೂ ತಂಡಗಳ ಆಟಗಾರರು, ತೀರ್ಪುಗಾರರು ಎಲ್ಲರೂ ಆ ಕಡೆ ತಿರುಗಿ, ಕಿಟಕಿಗಳಲ್ಲಿ ನಿಂತ ಮಕ್ಕಳಿಗೆ ಕೈಬೀಸುತ್ತಾರೆ. ಮಗಳಿಗೆ ಇದನ್ನು ಮನೆಯಲ್ಲೇ ಸಾವಕಾಶವಾಗಿ ತಿಳಿಸಿ, ಏಕೆಂದರೆ ‘ಆ ಮಕ್ಕಳಿಗೆ ಏನಾಗಿದೆ, ಯಾವಾಗ ಮನೆಗೆ ಹೋಗುತ್ತಾರೆ’ ಎಂಬ ಪ್ರಶ್ನೆಗಳು ಬಂದೇ ಬರುತ್ತವೆ. ಎಪ್ಪತ್ತು ಸಾವಿರದಷ್ಟು ಜನರ ನಡುವೆ ಅವಕ್ಕೆ ಉತ್ತರ ಕೊಡುವುದು ಕಷ್ಟ. ಟಿಕೆಟ್ ಕೊಳ್ಳುವಾಗ ಆಸ್ಪತ್ರೆ ಎದುರಿಗೆ ಕಾಣುವ ಮಗ್ಗುಲನ್ನು ಆರಿಸಿದರೆ ಅವಳಿಗೆ ಕುತ್ತಿಗೆ ತಿರುಗಿಸುವ ಕಷ್ಟವಿರುವುದಿಲ್ಲ.

ಪ್ರಶ್ನೆ: ‘ಅವರು ನಿಜವಾಗಿ ಕ್ಲಾಸಿಗೆ ಹೋಗುತ್ತಾರಾ, ಅವರಿಗೆ ಸಂಬಳ ಕೊಡುತ್ತಾರಾ?’ ಎಂದು ಪಂದ್ಯದ ನಡುವೆ ಮಗ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. — ಒಬ್ಬ ತಂದೆ, ಡೆಟ್ರಾಯಿಟ್ ಸಮೀಪ

ಉತ್ತರ: ಎರಡಕ್ಕೂ ಹೌದೆಂದೇ ಹೇಳಿ. ಆಡಬೇಕಾದರೆ ವಿದ್ಯಾರ್ಥಿಯಾಗಿ ದಾಖಲಾಗಿ, ನಿಗದಿತ ಮಟ್ಟದಲ್ಲಿ ತೇರ್ಗಡೆಯಾಗುತ್ತಿರಬೇಕು. ಹಣದ ಕಥೆ ಮಾತ್ರ ಇತ್ತೀಚಿನದು. ದಶಕಗಳ ಕಾಲ ಆಟಗಾರರಿಗೆ ಸಿಗುತ್ತಿದ್ದದ್ದು ಮುಖ್ಯವಾಗಿ ವಿದ್ಯಾರ್ಥಿವೇತನ. ಕೋಟಿಗಟ್ಟಲೆ ಡಾಲರ್ ವಿಶ್ವವಿದ್ಯಾಲಯಗಳಿಗೂ ತರಬೇತುದಾರರಿಗೂ ಹೋಗುತ್ತಿತ್ತು. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ವಿರುದ್ಧ ಸರ್ವಾನುಮತದ ತೀರ್ಪು ಕೊಟ್ಟಿತು, ಅದೇ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಬಳಸಿ ಗಳಿಸಲು ಅವಕಾಶವಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಒಂದೊಂದು ವಿಶ್ವವಿದ್ಯಾಲಯ ತನ್ನ ಆಟಗಾರರಿಗೆ ನೇರವಾಗಿ ಹಣ ಹಂಚಬಹುದು; ಮೊದಲ ವರ್ಷಕ್ಕೆ (2025–26) ಅದರ ಮಿತಿ ಸುಮಾರು 2.05 ಕೋಟಿ ಡಾಲರ್ ಆಗಿತ್ತು. ಇದರಿಂದ ಆಟ ಕೆಟ್ಟಿತೆಂದು ಹಲುಬುವವರ ಬಗ್ಗೆ ನನಗೆ ಅಷ್ಟೇನೂ ಮರುಕವಿಲ್ಲ. ಮೈ ಮುರಿದುಕೊಳ್ಳುವವರು ಆ ಹುಡುಗರು, ಅವರಿಗೆ ಪಾಲು ಸಲ್ಲಬೇಕಾದದ್ದೇ.

ಪ್ರಶ್ನೆ: ಒಂದು ಪಂದ್ಯ ತೋರಿಸಿದ್ದೇ ತಡ, ಒಂಬತ್ತು ವರ್ಷದ ಮಗ ತಾನೂ ಹೆಲ್ಮೆಟ್ ಹಾಕಿ ಆಡಬೇಕೆಂದು ಹಠ ಹಿಡಿದಿದ್ದಾನೆ. ತಲೆಗೆ ಪೆಟ್ಟಾಗುವ ಬಗ್ಗೆ ಓದಿ ನಮ್ಮಾಕೆ ಹೆದರಿದ್ದಾಳೆ. ಬೇಡವೆಂದರೆ ಅವನು ಮುಖ ಊದಿಸುತ್ತಾನೆ. — ಒಬ್ಬ ತಂದೆ, ಕೊಲಂಬಸ್

ಉತ್ತರ: ನಿಮ್ಮಾಕೆಯ ಹೆದರಿಕೆಗೆ ಆಧಾರವಿದೆ. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು, ವೃತ್ತಿಪರವಾಗಿ ಆಡಿ ತೀರಿಕೊಂಡ 111 ಮಂದಿಯ ಮೆದುಳುಗಳನ್ನು ಪರೀಕ್ಷಿಸಿ, 110ರಲ್ಲಿ ಪದೇಪದೇ ಬಿದ್ದ ಪೆಟ್ಟಿನಿಂದ ಬರುವ ಸಿಟಿಇ ಎಂಬ ಕಾಯಿಲೆಯನ್ನು ಗುರುತಿಸಿದರು. ಕುಟುಂಬದವರಿಗೆ ಮೊದಲೇ ಸಂದೇಹವಿದ್ದು ದಾನ ಮಾಡಿದ ಮೆದುಳುಗಳೇ ಅವುಗಳಲ್ಲಿ ಹೆಚ್ಚು, ಆದ್ದರಿಂದ ಎಲ್ಲ ಆಟಗಾರರಿಗೂ ಈ ಪ್ರಮಾಣ ಅನ್ವಯಿಸದು. ಒಂಬತ್ತು ವರ್ಷದ ಹುಡುಗ ಒಂದು ಋತು ಆಡಿದರೆ ಹೀಗಾಗುತ್ತದೆಂದು ಭಾವಿಸುವುದೂ ತಪ್ಪು. ಮಕ್ಕಳ ಮೇಲೆಯೇ ನಡೆದ ಅಧ್ಯಯನವೊಂದು ನಿಮಗೆ ಹೆಚ್ಚು ಉಪಯುಕ್ತ. ಆರರಿಂದ ಹದಿನಾಲ್ಕು ವರ್ಷದವರನ್ನು ಗಮನಿಸಿದ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಕೆಡವಿ ಆಡುವ ಮಕ್ಕಳ ತಲೆಗೆ ಬೀಳುವ ಹೊಡೆತಗಳು ಫ್ಲ್ಯಾಗ್ ಫುಟ್‌ಬಾಲ್ ಆಡುವವರಿಗಿಂತ ಸುಮಾರು ಹದಿನೈದು ಪಟ್ಟು ಹೆಚ್ಚೆಂದು 2021ರಲ್ಲಿ ತಿಳಿಸಿತು. ಫ್ಲ್ಯಾಗ್ ಫುಟ್‌ಬಾಲಿನಲ್ಲಿ ಎದುರಾಳಿಯನ್ನು ನೆಲಕ್ಕೆ ಕೆಡವುವುದಿಲ್ಲ, ಅವನ ಸೊಂಟದ ಪಟ್ಟಿಗೆ ಸಿಕ್ಕಿಸಿದ ಬಟ್ಟೆಯ ತುಂಡನ್ನು ಸೆಳೆದರೆ ಸಾಕು. ಓಟ, ಎಸೆತ, ಹಿಡಿತ, ನಾಲ್ಕು ಯತ್ನಗಳ ಲೆಕ್ಕ ಎಲ್ಲವೂ ಅದೇ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೂ ಅದನ್ನು ಸೇರಿಸಲಾಗಿದೆ; ಇದು ಚಿಕ್ಕ ಮಕ್ಕಳ ಆಟವೆಂದು ಮಗ ಮೂಗು ಮುರಿದರೆ ಈ ಸಂಗತಿ ನಿಮ್ಮ ಕೈಯಲ್ಲಿರಲಿ.

ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಯುತ್ತದೆಯೇ ಹೊರತು ಒಳಗೆ ಮೆದುಳು ಅಲುಗಾಡುವುದನ್ನು ತಡೆಯಲಾರದು. ಹಾಗಾಗಿ ಹದಿನಾಲ್ಕು ವರ್ಷ ತುಂಬುವವರೆಗೆ ಫ್ಲ್ಯಾಗ್ ಸಾಕು, ಆಮೇಲೆ ಅವನ ಮೈಕಟ್ಟು, ಆಸಕ್ತಿ, ಮಕ್ಕಳ ವೈದ್ಯರ ಮಾತು ಇವನ್ನು ನೋಡಿ ತೀರ್ಮಾನಿಸಿ ಎಂಬುದು ನನ್ನ ಅಭಿಪ್ರಾಯ. ಈ ಚಿಂತೆ ಹೊಸದಲ್ಲ. 1905ರಲ್ಲಿ ಮೈದಾನದ ಸಾವುನೋವುಗಳು ಮಿತಿಮೀರಿದಾಗ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ, ಆಟವನ್ನು ಸುಧಾರಿಸಲು ಹೇಳಿದರು. ಅವರ ಮಗನೂ ಆ ವರ್ಷ ಹಾರ್ವರ್ಡಿನ ಮೊದಲ ವರ್ಷದವರ ತಂಡದಲ್ಲಿ ಆಡಿ ಮೂಗು ಮುರಿದುಕೊಂಡಿದ್ದ. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿದ್ದು 1906ರಲ್ಲಿ, ಆ ಸುಧಾರಣೆಗಳ ಭಾಗವಾಗಿಯೇ. ಮಗನಿಗೆ ಇಷ್ಟವಾದ ಉದ್ದನೆಯ ಎಸೆತಗಳು ಬಂದದ್ದೇ ಹೀಗೆಂದು ಅವನಿಗೆ ತಿಳಿಸಬಹುದು.

ನಿಮ್ಮ ನಗರದ ಮನರಂಜನಾ ವಿಭಾಗದಲ್ಲಿ ಫ್ಲ್ಯಾಗ್ ತಂಡಗಳಿಗೆ ನೋಂದಣಿ ಯಾವಾಗವೆಂದು ವಿಚಾರಿಸಿ. ಯಾವ ತಂಡಕ್ಕೆ ಸೇರಿಸಿದರೂ ಹಣ ಕಟ್ಟುವ ಮೊದಲು ತರಬೇತುದಾರರನ್ನು ಒಂದು ಮಾತು ಕೇಳಿ: ಹುಡುಗರು ಡಿಕ್ಕಿ ಹೊಡೆದುಕೊಂಡು ಒಬ್ಬನಿಗೆ ತಲೆನೋವೋ, ವಾಂತಿಯೋ, ಮಂಕೋ ಕವಿದರೆ ನೀವೇನು ಮಾಡುತ್ತೀರಿ? ಆ ದಿನ ಅವನನ್ನು ಮತ್ತೆ ಆಡಿಸುವುದಿಲ್ಲ, ವೈದ್ಯಕೀಯ ಒಪ್ಪಿಗೆ ಸಿಗುವವರೆಗೆ ಮೈದಾನಕ್ಕೆ ಇಳಿಸುವುದಿಲ್ಲ ಎಂಬ ಉತ್ತರ ತಡವರಿಸದೆ ಬರಬೇಕು. 2009ರಲ್ಲಿ ವಾಷಿಂಗ್ಟನ್ ರಾಜ್ಯದಿಂದ ಆರಂಭಿಸಿ ಈಗ ಐವತ್ತೂ ರಾಜ್ಯಗಳಲ್ಲಿ ಎಳೆಯ ಆಟಗಾರರ ತಲೆಪೆಟ್ಟಿನ ಬಗ್ಗೆ ಕಾನೂನುಗಳಿವೆ, ಅದನ್ನು ತಿಳಿಯದ ತರಬೇತುದಾರರ ಕೈಗೆ ಮಗನನ್ನು ಒಪ್ಪಿಸಬೇಡಿ.